ಧ್ರುವದ ಹಿಮನಷ್ಟವನ್ನು ಉಪಗ್ರಹದಿಂದ ಅಳೆಯುವುದು ಹೇಗೆ: ಮುನಿರಾಬಾದಿನ ನೀರು, ಆನೆಗುಂದಿಯ ಬಂಡೆಗಳಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

ಗ್ರೀನ್‌ಲೆಂಡಿನ ಹಿಮಹಾಸು 2002ರಿಂದೀಚೆಗೆ ವರ್ಷಕ್ಕೆ ಸರಾಸರಿ 270 ಗಿಗಾಟನ್‌ನ ಆಸುಪಾಸು ತೂಕ ಕಳೆದುಕೊಂಡಿದೆ. ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್. ನೀರಾಗಿ ನೋಡಿದರೆ ಒಂದು ಘನ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 35.3 ಟಿಎಂಸಿ. ಹೂಳು ತುಂಬಿದ ಮೇಲೆ ತುಂಗಭದ್ರಾ ಜಲಾಶಯದಲ್ಲಿ ಹಿಡಿಯುವುದು 105.788 ಟಿಎಂಸಿ, ಅಂದರೆ ಹತ್ತಿರ ಹತ್ತಿರ 3 ಗಿಗಾಟನ್. ಹಾಗಾಗಿ ಗ್ರೀನ್‌ಲೆಂಡ್ ವರ್ಷಕ್ಕೆ ತೊಂಬತ್ತು ತುಂಬಿದ ಟಿಬಿ ಡ್ಯಾಮುಗಳಷ್ಟನ್ನು ಕಳೆದುಕೊಳ್ಳುತ್ತಿದೆ. ಈ ಅಳತೆಗೋಲನ್ನು ಕೈಯಲ್ಲಿಟ್ಟುಕೊಳ್ಳಿ. ಲೆಕ್ಕದಲ್ಲಿ ಸೊನ್ನೆ ಹೆಚ್ಚುಕಮ್ಮಿಯಾದಾಗ ಮೊದಲು ಎಚ್ಚರಿಸುವುದು ಇದೇ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಭೂಗೋಳ, ಸಿವಿಲ್, ಕಂಪ್ಯೂಟರ್ ಸೈನ್ಸ್ ಓದುವವರು ಇಲ್ಲೇ ಕುಳಿತು ಈ ಅಳತೆಯನ್ನು ಮಾಡಬಹುದು. ಬೇಕಾದ ದತ್ತಾಂಶವೆಲ್ಲ ಉಚಿತ. ಡೌನ್‌ಲೋಡ್ ಕಷ್ಟದ ಕೆಲಸವಲ್ಲ, ಪ್ರೋಗ್ರಾಮಿಂಗೂ ಅಲ್ಲ. ಉಪಗ್ರಹ ಕಳಿಸುವ ಸಂಖ್ಯೆಯಲ್ಲಿ ಮಂಜುಗಡ್ಡೆಯದಲ್ಲದ ಪಾಲು ಎಷ್ಟು ಎಂದು ಗುರುತಿಸಿ ಕಳೆಯುವುದೇ ನಿಜವಾದ ಕೆಲಸ. ನೆಲದ ಏರಿಕೆ, ಹಿಮದ ಕುಸಿತ, ಕಡಲ ಉಬ್ಬರ, ಮೋಡ, ನೆರಳು ಎಲ್ಲವೂ ಆ ಸಂಖ್ಯೆಯೊಳಗೆ ಸೇರಿಕೊಂಡಿರುತ್ತವೆ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ಯಾವ ಮಂಜು ಎಂದು ತೀರ್ಮಾನಿಸಿ

ಧ್ರುವಗಳಲ್ಲಿ ಮೂರು ಬಗೆಯ ಮಂಜಿದೆ. ಕಡಲ ನೀರೇ ಹೆಪ್ಪುಗಟ್ಟಿ ಆದ ಕಡಲಮಂಜು ಒಂದು. ನೆಲದಿಂದ ಹರಿದು ಬಂದು ಕಡಲ ಮೇಲೆ ಚಾಚಿ ತೇಲುವ ತೇಲುಹಾಸು ಇನ್ನೊಂದು. ಬಂಡೆಯ ಮೇಲೆ ಕುಳಿತಿರುವ ಹಿಮಹಾಸು ಮತ್ತು ಹಿಮನದಿ ಮೂರನೆಯದು. ಮೊದಲ ಎರಡೂ ಆಗಲೇ ತೇಲುತ್ತಿರುವುದರಿಂದ ಕರಗಿದರೂ ಕಡಲಮಟ್ಟಕ್ಕೆ ಸೇರಿಸುವುದು ಅತ್ಯಲ್ಪ. ಕಡಲನ್ನು ಏರಿಸುವುದು ಮೂರನೆಯದು. ಪತ್ರಿಕೆಗಳಲ್ಲಿ ಈ ಮೂರನ್ನೂ ಒಂದೇ ತಟ್ಟೆಗೆ ಹಾಕುವುದು ರೂಢಿ. ನಿಮ್ಮ ಲೆಕ್ಕದಲ್ಲಿ ಹಾಗಾಗಬಾರದು. ನೆಲದ ಮಂಜು ತೇಲತೊಡಗುವ ಗೆರೆಗೆ ಗ್ರೌಂಡಿಂಗ್ ಲೈನ್ ಎನ್ನುತ್ತಾರೆ. ಅದರ ಒಳಬದಿಯ ಗಡಿಕಡತವನ್ನೇ ಎಲ್ಲ ಹಂತಗಳಲ್ಲೂ ಬಳಸಿ. ಒಂದು ಹಂತಕ್ಕೆ ಒಂದು ಗಡಿ, ಇನ್ನೊಂದಕ್ಕೆ ಬೇರೆ ಗಡಿ ಹಾಕಿದರೆ ಕೊನೆಯಲ್ಲಿ ತಾಳೆಯಾಗದು, ಯಾಕೆ ಆಗಲಿಲ್ಲ ಎಂದೂ ತಿಳಿಯದು.

ಅಳೆಯುವ ದಾರಿಗಳೂ ಮೂರು: ತೂಗುವುದು, ಎತ್ತರ ನೋಡುವುದು, ಆದಾಯ-ವೆಚ್ಚದ ಲೆಕ್ಕ ಹಾಕುವುದು. ಕಾಲಾವಕಾಶ ಕಡಿಮೆ ಇದ್ದರೆ ತೂಕದ ದಾರಿ ಹಿಡಿಯಿರಿ, ವಾರದೊಳಗೆ ಉತ್ತರ ಸಿಗುತ್ತದೆ. ಒಂದೇ ಹಿಮನದಿಯನ್ನು ನೋಡಬೇಕಿದ್ದರೆ ಅದು ನಡೆಯದು, ಎತ್ತರ ಅಥವಾ ಹರಿವಿಗೆ ಹೋಗಬೇಕು.

ಸಲಕರಣೆ

16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, 500 ಜಿಬಿ ಖಾಲಿ ಜಾಗ, ಪೈಥಾನ್ ಮತ್ತು ಕ್ಯೂಜಿಐಎಸ್ ಸಾಕು. ಪೈಥಾನ್‌ನಲ್ಲಿ ಎಕ್ಸ್‌ಅರೇ, ಜಿಯೋಪಾಂಡಾಸ್, ರಾಸ್ಟೀರಿಯೊ, ಪೈಪ್ರಾಜ್ ಇರಲಿ. ಕ್ಯೂಜಿಐಎಸ್‌ಗೆ ಅಂಟಾರ್ಕ್ಟಿಕದ ನಕಾಶೆಗಳ ಸಿದ್ಧಕಂತೆ ಕ್ವಾಂಟಾರ್ಕ್ಟಿಕ. ಅದನ್ನು ಕೊಟ್ಟಿದ್ದು ನಾರ್ವೆಯ ಧ್ರುವ ಸಂಸ್ಥೆ. ಗ್ರೀನ್‌ಲೆಂಡಿಗೆ ಕ್ಯೂಗ್ರೀನ್‌ಲೆಂಡ್ ಇದೆ. ನಾಸಾದ ಅರ್ಥ್‌ಡೇಟಾ, ಯುರೋಪಿನ ಕೋಪರ್ನಿಕಸ್ ಡೇಟಾ ಸ್ಪೇಸ್, ಇಸ್ರೋದ ದೂರಸಂವೇದಿ ಕೇಂದ್ರವಾದ ನಮ್ಮ ಎನ್‌ಆರ್‌ಎಸ್‌ಸಿಯ ಭೂನಿಧಿ, ಈ ಮೂರರಲ್ಲೂ ಖಾತೆ ತೆರೆದಿಡಿ.

ಕರೆಂಟು ಹೋದರೆ ಅರ್ಧಕ್ಕೆ ನಿಂತ ಕಡತ ನಿಂತಲ್ಲಿಂದಲೇ ಮುಂದುವರಿಯುವಂತೆ ವಿಗೆಟ್ ಅಥವಾ ಏರಿಯಾ2 ಬಳಸಿ. ಬ್ರೌಸರಿನಲ್ಲಿ ಇಳಿಸಬೇಡಿ. ಇಳಿಸಿದ ಮೇಲೆ ಕಡತದ ಗಾತ್ರವನ್ನು, ಚೆಕ್‌ಸಮ್ ಕೊಟ್ಟಿದ್ದರೆ ಅದನ್ನೂ, ಸರ್ವರಿನದರ ಜೊತೆ ಹೋಲಿಸಿ. ಅರ್ಧ ಇಳಿದ ಕಡತವೂ ಕೆಲವೊಮ್ಮೆ ತೆರೆದುಕೊಂಡುಬಿಡುತ್ತದೆ, ಒಳಗೆ ಕೆಲವು ತಿಂಗಳು ಮಾತ್ರ ಖಾಲಿ ಇರುತ್ತವೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ರಾಡಾರ್ ಚಿತ್ರಗಳ ಭಾರೀ ಸಂಸ್ಕರಣೆಯನ್ನು ಲ್ಯಾಪ್‌ಟಾಪ್ ಮೇಲೆ ಹೇರುವ ಬದಲು ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ಹೈಪ್3 ಸೇವೆಗೆ ಒಪ್ಪಿಸಿ. ಅವರ ಯಂತ್ರದಲ್ಲಿ ಓಡಿಸಿ ಫಲಿತಾಂಶ ಮಾತ್ರ ಕಳಿಸುತ್ತಾರೆ.

ಊರಲ್ಲೇ ಎರಡು ಪರೀಕ್ಷೆ

ಉತ್ತರ ಮೊದಲೇ ಗೊತ್ತಿರುವ ಜಾಗದಲ್ಲಿ ಉಪಕರಣವನ್ನು ಪರೀಕ್ಷಿಸದೆ ಅಂಟಾರ್ಕ್ಟಿಕಕ್ಕೆ ಹೋಗಬೇಡಿ. ಈ ವಿಷಯದಲ್ಲಿ ಕೊಪ್ಪಳ ಜಿಲ್ಲೆ ಅನುಕೂಲದ ಜಾಗ. ಎತ್ತರ ಪರೀಕ್ಷಿಸಲು ಮುನಿರಾಬಾದಿನಲ್ಲಿ ತುಂಗಭದ್ರಾ ಹಿನ್ನೀರಿದೆ, ಚಲನೆ ಪರೀಕ್ಷಿಸಲು ಆನೆಗುಂದಿಯ ಬಂಡೆಗಳಿವೆ.

ನೀರಿನ ಪರೀಕ್ಷೆ. ಲೇಸರಿನಿಂದ ಎತ್ತರ ಅಳೆಯುವ ನಾಸಾದ ಐಸ್‌ಸ್ಯಾಟ್-2 ಉಪಗ್ರಹಕ್ಕೆ ಒಳನಾಡು ನೀರಿನ ಎತ್ತರದ ಪ್ರತ್ಯೇಕ ಕಡತ ಇದೆ, ಹೆಸರು ಎಟಿಎಲ್13. ಅರ್ಥ್‌ಡೇಟಾದ ಹುಡುಕು ಪುಟದಲ್ಲಿ ಜಲಾಶಯದ ಸುತ್ತ ಚೌಕ ಎಳೆದು ಲೇಸರ್ ಗೆರೆ ನೀರನ್ನು ದಾಟಿದ ದಿನಗಳನ್ನು ಪಟ್ಟಿ ಮಾಡಿ. ಆ ದಿನಗಳ ಜಲಾಶಯದ ಮಟ್ಟ ಪತ್ರಿಕೆಯಲ್ಲೇ ಅಡಿ ಲೆಕ್ಕದಲ್ಲಿ ಬಂದಿರುತ್ತದೆ. ಪೂರ್ಣಮಟ್ಟ 1633 ಅಡಿ, ಅಂದರೆ 497.74 ಮೀಟರ್. ಈಗ ನಿಮ್ಮ ಕಡತ ತೆರೆದರೆ ಅಂಕಿ ಎಂಬತ್ತು ಮೀಟರಿನ ಆಸುಪಾಸು ಕಡಿಮೆ ಕಾಣಬಹುದು. ಕಡತ ಕೆಟ್ಟಿಲ್ಲ. ಉಪಗ್ರಹ ಎತ್ತರ ಅಳೆಯುವುದು ಗಣಿತದ ದೀರ್ಘಗೋಲದಿಂದ, ಅಂದರೆ ಎಲಿಪ್ಸಾಯ್ಡಿನಿಂದ. ಅಣೆಕಟ್ಟಿನ ಅಡಿಪಟ್ಟಿ ಇರುವುದು ಸಮುದ್ರಮಟ್ಟದಿಂದ, ಅಂದರೆ ಜಿಯಾಯ್ಡಿನಿಂದ. ದಕ್ಷಿಣ ಭಾರತದಲ್ಲಿ ಇವೆರಡರ ನಡುವಿನ ಅಂತರ ಜಗತ್ತಿನಲ್ಲೇ ದೊಡ್ಡದೆನ್ನುವಷ್ಟು. ಕಡತದಲ್ಲಿ ಎರಡೂ ಬಗೆಯ ಎತ್ತರದ ಕಾಲಂಗಳಿರುತ್ತವೆ, ಯಾವುದನ್ನು ಓದುತ್ತಿದ್ದೀರಿ ನೋಡಿ. ಅಂಟಾರ್ಕ್ಟಿಕದಲ್ಲಿ ಮೇಲ್ಮೈ ನಕಾಶೆ ಒಂದು ಆಧಾರದಲ್ಲಿ, ತಳದ ನಕಾಶೆ ಇನ್ನೊಂದು ಆಧಾರದಲ್ಲಿ ಇದ್ದಾಗ ಇದೇ ತಪ್ಪು ದಪ್ಪದ ಲೆಕ್ಕಕ್ಕೆ ಹತ್ತಾರು ಮೀಟರ್ ಸೇರಿಸಿಬಿಡುತ್ತದೆ. ಅಲ್ಲಿ ಅಡಿಪಟ್ಟಿ ನೋಡಿ ಹೇಳುವವರು ಯಾರೂ ಇಲ್ಲ.

ಒಂದು ದಿನದ ಮಟ್ಟ ಸರಿಯಾಗಿ ಬಂತೆಂದು ನಿಲ್ಲಬೇಡಿ. ಎರಡು ದಿನಗಳ ನಡುವಿನ ವ್ಯತ್ಯಾಸ ಪತ್ರಿಕೆಯ ಅಂಕಿಯೊಂದಿಗೆ ಹತ್ತಿಪ್ಪತ್ತು ಸೆಂಟಿಮೀಟರಿನೊಳಗೆ ಕೂಡದಿದ್ದರೆ ದಡದ ಬಿಂದುಗಳು ಸೇರಿಕೊಂಡಿವೆ ಎಂದು ಶಂಕಿಸಿ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ನಿಮ್ಮ ಗಡಿಯೊಳಗೆ ಹೊಲವೂ ಸೇರಿಹೋಗಿರುತ್ತದೆ.

ಬಂಡೆಯ ಪರೀಕ್ಷೆ. ಹಿಮನದಿಯ ವೇಗ ಅಳೆಯುವ ರೀತಿ ಹೀಗೆ: ಒಂದೇ ಜಾಗದ ಎರಡು ಚಿತ್ರ ತೆಗೆದು, ಮೊದಲ ಚಿತ್ರದ ಸಣ್ಣ ತುಣುಕು ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕುವುದು. ಆನೆಗುಂದಿ ಬೆಟ್ಟಗಳ ಮೇಲೆ ಇದನ್ನು ಓಡಿಸಿದರೆ ಉತ್ತರ ಸೊನ್ನೆ ಬರಬೇಕು. ಬರುವುದಿಲ್ಲ. ಲ್ಯಾಂಡ್‌ಸ್ಯಾಟ್ 8ರ 15 ಮೀಟರ್ ಕಪ್ಪುಬಿಳುಪು ಪಟ್ಟಿಯಲ್ಲಿ ಹತ್ತನೇ ಒಂದು ಪಿಕ್ಸೆಲ್ ತಪ್ಪಿದರೂ 1.5 ಮೀಟರ್. ಚಿತ್ರಗಳ ನಡುವೆ 16 ದಿನದ ಅಂತರವಿದ್ದರೆ ವರ್ಷದ ಲೆಕ್ಕಕ್ಕೆ ಬಂಡೆ 34 ಮೀಟರ್ ನಡೆದಂತಾಗುತ್ತದೆ. ವರ್ಷದ ಅಂತರದ ಜೋಡಿ ತೆಗೆದುಕೊಂಡರೆ ಅದೇ ತಪ್ಪು 1.5 ಮೀಟರಿಗೆ ಇಳಿಯುತ್ತದೆ. ನಿಧಾನದ ಹಿಮನದಿಗೆ ದೂರದ ಜೋಡಿ, ವೇಗದ್ದಕ್ಕೆ ಹತ್ತಿರದ ಜೋಡಿ ಎಂಬ ನಿಯಮ ಹುಟ್ಟುವುದು ಇಲ್ಲಿಂದಲೇ.

ಆಮೇಲೆ ಬೇಕೆಂದೇ ಜನವರಿಯದೊಂದು, ಮೇ ತಿಂಗಳದೊಂದು ಚಿತ್ರ ಜೋಡಿಸಿ. ಜನವರಿಯ ಬೆಳಗಿನ ಬಿಸಿಲು ಆಗ್ನೇಯದಿಂದ ಬೀಳುತ್ತದೆ, ಮೇನಲ್ಲಿ ಪೂರ್ವದಿಂದ ತುಸು ಉತ್ತರಕ್ಕೆ ಸರಿದಿರುತ್ತದೆ. ಗುಂಡುಗಳ ನೆರಳು ತಿರುಗುವುದರಿಂದ ಪ್ರೋಗ್ರಾಮು ಇಡೀ ಬೆಟ್ಟವೇ ಹೊರಟಿತೆಂದು ಬಾಣ ಎಳೆದು ತೋರಿಸುತ್ತದೆ. ಧ್ರುವದಲ್ಲಿ ಸೂರ್ಯ ಯಾವಾಗಲೂ ತಗ್ಗಿನಲ್ಲೇ ಇರುವುದರಿಂದ ಅಲ್ಲಿನ ನೆರಳುಗಳು ಇನ್ನೂ ಉದ್ದ. ಆದ್ದರಿಂದ ಒಂದೇ ಋತುವಿನ, ಒಂದೇ ಕಕ್ಷಾಪಥದ ಜೋಡಿಗಳನ್ನೇ ಆರಿಸಿ. ಆನೆಗುಂದಿಯಲ್ಲಿ ಬಂದ ಸೊನ್ನೆಯಲ್ಲದ ಸಂಖ್ಯೆಯನ್ನು ಬರೆದಿಡಿ. ನಿಮ್ಮ ಕೈಚಳಕದ ದೋಷಮಿತಿ ಅದು.

ಒಂದನೆಯ ದಾರಿ: ತೂಗುವುದು

ಗ್ರೇಸ್ ಜೋಡಿ ಉಪಗ್ರಹ 2002ರ ಮಾರ್ಚ್ 17ರಂದು ಹಾರಿ 2017ರವರೆಗೆ ದುಡಿಯಿತು. ಅದರ ಉತ್ತರಾಧಿಕಾರಿ ಗ್ರೇಸ್ ಫಾಲೋ-ಆನ್ ಹಾರಿದ್ದು 2018ರ ಮೇ 22ರಂದು. ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಹಾರುತ್ತವೆ. ಮುಂದಿನದು ಭಾರದ ಜಾಗ ಸಮೀಪಿಸಿದಾಗ ಗುರುತ್ವ ಅದನ್ನು ತುಸು ಎಳೆಯುತ್ತದೆ, ಅಂತರ ಹೆಚ್ಚುತ್ತದೆ. ಹಿಂದಿನದು ಆ ಜಾಗಕ್ಕೆ ಬಂದಾಗ ಅಂತರ ಕುಗ್ಗುತ್ತದೆ. ಆ ಬದಲಾವಣೆಯನ್ನು ಮೈಕ್ರಾನ್ ಮಟ್ಟದಲ್ಲಿ ಅಳೆದು ತಿಂಗಳಿಗೊಂದು ಗುರುತ್ವ ನಕಾಶೆ ಮಾಡುತ್ತಾರೆ.

ಹೊಸಬರು ಮ್ಯಾಸ್ಕಾನ್ ಕಡತವನ್ನೇ ತೆಗೆದುಕೊಳ್ಳಿ. ಮ್ಯಾಸ್ಕಾನ್ ಅಂದರೆ ತೂಕದ ಬದಲಾವಣೆಯನ್ನು ಒಂದೇ ಸಂಖ್ಯೆಯಾಗಿ ಲೆಕ್ಕ ಹಾಕುವ ನೆಲದ ತುಂಡು. ನಾಸಾದ ಜೆಪಿಎಲ್ ಪ್ರಯೋಗಾಲಯ ಕೊಡುವ ಕಡತದಲ್ಲಿ ಭೂಮಿಯನ್ನು 3 ಡಿಗ್ರಿಯ 4,551 ತುಂಡುಗಳಾಗಿ ಮಾಡಿ, ಫಲಿತಾಂಶವನ್ನು ಅರ್ಧ ಡಿಗ್ರಿ ಚೌಕಗಳಲ್ಲಿ ಬರೆದಿರುತ್ತಾರೆ. ಚೌಕ ಸಣ್ಣದು ಎಂದು ವಿವರವೂ ಅಷ್ಟೇ ಸೂಕ್ಷ್ಮ ಎಂದುಕೊಳ್ಳಬಾರದು. ಮ್ಯಾಸ್ಕಾನ್ ಒಂದರ ಅಗಲ 300 ಕಿಲೋಮೀಟರಿಗೂ ಹೆಚ್ಚು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಸೇರಿದರೂ ವಿಸ್ತೀರ್ಣದಲ್ಲಿ ಅಂಥ ಒಂದು ತುಂಡಿಗಿಂತ ಎಷ್ಟೋ ಕಡಿಮೆ. ಒಂದು ಹಿಮನದಿಯ ತೂಕವನ್ನು ಇದರಿಂದ ತೆಗೆಯಲು ಹೋದವರು ಪಕ್ಕದ ನಾಲ್ಕು ಹಿಮನದಿಗಳನ್ನೂ ಸೇರಿಸಿ ತೂಗಿರುತ್ತಾರೆ.

ಲೆಕ್ಕದ ಕ್ರಮ ಸರಳ. ಕಡತದಲ್ಲಿರುವುದು ಸೆಂಟಿಮೀಟರ್ ಲೆಕ್ಕದ ನೀರಿನ ದಪ್ಪ. ಗ್ರೀನ್‌ಲೆಂಡ್ ಅಥವಾ ಅಂಟಾರ್ಕ್ಟಿಕದ ಗಡಿಯೊಳಗಿನ ಪ್ರತಿ ಚೌಕದ ದಪ್ಪವನ್ನು ಆ ಚೌಕದ ವಿಸ್ತೀರ್ಣದಿಂದ ಗುಣಿಸಿ, ಎಲ್ಲ ಕೂಡಿಸಿ. ಇಲ್ಲಿ ಅತಿ ಹೆಚ್ಚು ಜನ ಎಡವುವುದು ವಿಸ್ತೀರ್ಣದಲ್ಲಿ. ಅರ್ಧ ಡಿಗ್ರಿ ಚೌಕ ಸಮಭಾಜಕದಲ್ಲಿ ಸುಮಾರು 3,090 ಚದರ ಕಿಲೋಮೀಟರ್ ಇದ್ದರೆ 75 ಡಿಗ್ರಿ ಅಕ್ಷಾಂಶದಲ್ಲಿ 800 ಮಾತ್ರ. ಅಕ್ಷಾಂಶದ ಕೊಸೈನ್ ಹಾಕುವುದು ಮರೆತರೆ ಉತ್ತರ ನಾಲ್ಕು ಪಟ್ಟಿಗೆ ಹತ್ತಿರ ಉಬ್ಬುತ್ತದೆ. ಸರಿ ಇದೆಯೇ ಎಂದು ನೋಡಲು: ಗ್ರೀನ್‌ಲೆಂಡ್ ಹಿಮಹಾಸಿನ ವಿಸ್ತೀರ್ಣ 17 ಲಕ್ಷ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅದರ ಮೇಲೆ ಎಲ್ಲೆಡೆ ಒಂದು ಸೆಂಟಿಮೀಟರ್ ನೀರು ಅಂದರೆ 17 ಗಿಗಾಟನ್. ನಿಮ್ಮ ಪ್ರೋಗ್ರಾಮಿಗೆ ಎಲ್ಲ ಚೌಕದಲ್ಲೂ 1 ಎಂದು ತುಂಬಿ ಓಡಿಸಿದರೆ ಈ ಅಂಕಿ ಬರಬೇಕು.

ಮುಂದಿನದು ನೆಲದ ಏರಿಕೆ. ಇಪ್ಪತ್ತು ಸಾವಿರ ವರ್ಷದ ಹಿಂದಿನ ಹಿಮಯುಗದ ಭಾರ ಇಳಿದ ಮೇಲೆ ಆ ನೆಲ ಇಂದಿಗೂ ನಿಧಾನ ಮೇಲೇಳುತ್ತಿದೆ, ಕೆಳಗೆ ಮ್ಯಾಂಟಲ್ ಬಂಡೆ ಹರಿದುಬರುತ್ತಿದೆ. ಉಪಗ್ರಹಕ್ಕೆ ಬಂಡೆಯೂ ತೂಕ, ಮಂಜೂ ತೂಕ. ಇದನ್ನು ಕಳೆಯದಿದ್ದರೆ ಅಂಟಾರ್ಕ್ಟಿಕದ ನಷ್ಟ ಮುಚ್ಚಿಹೋಗುತ್ತದೆ. ಮಾದರಿಯಿಂದ ಮಾದರಿಗೆ ಈ ತಿದ್ದುಪಡಿಯಲ್ಲೇ ವರ್ಷಕ್ಕೆ ಹತ್ತಾರು ಗಿಗಾಟನ್ ವ್ಯತ್ಯಾಸವಿದೆ. ಜೆಪಿಎಲ್ ಕಡತದಲ್ಲಿ ಐಸ್-6ಜಿ ಮಾದರಿಯಿಂದ ಇದನ್ನು ಆಗಲೇ ಕಳೆದಿರುತ್ತಾರೆ. ಇನ್ನೊಮ್ಮೆ ಕಳೆಯಬೇಡಿ. ಜೊತೆಗೆ ಸಿಗುವ ಗುಣಕಗಳ ಕಡತವನ್ನೂ ಹಿಮಹಾಸಿಗೆ ಹಾಕಬೇಡಿ. ಅದು ಹೊಲ, ನದಿ, ಮಣ್ಣಿನ ತೇವಕ್ಕೆಂದು ಮಾಡಿದ್ದು.

ಮ್ಯಾಸ್ಕಾನ್ ಬಿಟ್ಟು, ಗುರುತ್ವ ನಕಾಶೆಯನ್ನು ಬರೆದಿಡುವ ಮೂಲ ಗೋಲೀಯ ಗುಣಾಂಕಗಳಿಂದ ಹೊರಡುವವರಿಗೆ ಇನ್ನೂ ಮೂರು ಕೆಲಸ: ಭೂಕೇಂದ್ರದ ಸರಿತವನ್ನು ಹೊರಗಿನಿಂದ ಸೇರಿಸುವುದು, ಭೂಮಿಯ ಚಪ್ಪಟೆತನ ಹೇಳುವ ಸಿ20 ಗುಣಾಂಕವನ್ನು ನೆಲದಿಂದ ಲೇಸರ್ ಹೊಡೆದು ಅಳೆದ ಮೌಲ್ಯದಿಂದ ಬದಲಿಸುವುದು, 2016ರ ದ್ವಿತೀಯಾರ್ಧದಿಂದೀಚೆಗೆ ಸಿ30ಯನ್ನೂ ಹಾಗೆಯೇ ಬದಲಿಸುವುದು. ಗ್ರೇಸ್‌ನ ಒಂದು ಉಪಗ್ರಹದ ವೇಗೋತ್ಕರ್ಷಮಾಪಕವನ್ನು ಆ ಕಾಲದಲ್ಲಿ ವಿದ್ಯುತ್ ಉಳಿಸಲು ಬಂದ್ ಮಾಡಿದ್ದೇ ಕಾರಣ. ಸಿ30 ತಪ್ಪಿದರೆ ಅತಿ ಹೆಚ್ಚು ಪೆಟ್ಟು ಬೀಳುವುದು ಅಂಟಾರ್ಕ್ಟಿಕದ ಅಂಕಿಗೆ.

ಈಗ ಕಾಲದ ಸಾಲಿಗೆ ಗೆರೆ ಕೂರಿಸಿ. ಬರೀ ನೇರಗೆರೆ ಸಾಲದು. ವಾರ್ಷಿಕ, ಅರ್ಧವಾರ್ಷಿಕ ಏರಿಳಿತಗಳ ಜೊತೆಗೆ 161 ದಿನದ ಏರಿಳಿತವೊಂದನ್ನು ಸೇರಿಸಿ. ಉಬ್ಬರದ ತಿದ್ದುಪಡಿಯಲ್ಲಿ ಉಳಿದ ದೋಷ ಆ ಅವಧಿಯಲ್ಲಿ ಮರುಕಳಿಸುತ್ತದೆ. 2017ರ ಮಧ್ಯದಿಂದ 2018ರ ಮಧ್ಯದವರೆಗಿನ ಖಾಲಿಯನ್ನು ಖಾಲಿಯಾಗಿಯೇ ಬಿಡಿ. ಎರಡು ತುದಿ ಜೋಡಿಸಿ ಹುಸಿ ಬಿಂದುಗಳನ್ನು ತುಂಬಿದರೆ ದೋಷಮಿತಿ ಸುಳ್ಳಾಗಿ ಕಿರಿದಾಗುತ್ತದೆ.

ಅವಧಿ ಕಿರಿದಾದರೆ ಗೆರೆಯನ್ನು ನಂಬಬೇಡಿ. ಭಾರತದ ಮೈತ್ರಿ ನೆಲೆಯಿರುವ ಡ್ರೊನಿಂಗ್ ಮೌಡ್ ಲ್ಯಾಂಡ್ ಭಾಗದಲ್ಲಿ 2009 ಮತ್ತು 2011ರ ಭಾರೀ ಹಿಮಪಾತ ಸುಮಾರು 350 ಗಿಗಾಟನ್ ಸೇರಿಸಿತು. ಆ ಮೂರು ವರ್ಷ ಮಾತ್ರ ನೋಡಿದವನಿಗೆ ಪೂರ್ವ ಅಂಟಾರ್ಕ್ಟಿಕ ಬೆಳೆಯುತ್ತಿದೆ ಎನಿಸುತ್ತದೆ. ಗ್ರೀನ್‌ಲೆಂಡಿನಲ್ಲಿ ಇದರ ಉಲ್ಟಾ: 2017, 2018 ಸೌಮ್ಯವಾಗಿದ್ದವು, 2019ರಲ್ಲಿ ಒಂದೇ ವರ್ಷ 532 ಗಿಗಾಟನ್ ಹೋಯಿತು.

ಎರಡನೆಯ ದಾರಿ: ಎತ್ತರ ನೋಡುವುದು

2018ರ ಸೆಪ್ಟೆಂಬರ್ 15ರಂದು ಹಾರಿದ ಐಸ್‌ಸ್ಯಾಟ್-2 ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಮಿಡಿಯುತ್ತದೆ, ಒಂದೊಂದು ಮಿಡಿತವನ್ನೂ ಆರು ಕಿರಣಗಳಾಗಿ ಒಡೆಯುತ್ತದೆ. ಕಿರಣಗಳು ಜೋಡಿಜೋಡಿಯಾಗಿ ಸಾಗುತ್ತವೆ: ಜೋಡಿಯೊಳಗೆ 90 ಮೀಟರ್, ಜೋಡಿಯಿಂದ ಜೋಡಿಗೆ 3.3 ಕಿಲೋಮೀಟರ್. 91 ದಿನಕ್ಕೊಮ್ಮೆ ಅದೇ ಗೆರೆಯ ಮೇಲೆ ಮರಳುತ್ತದೆ. ಜೋಡಿ ಯಾಕೆ ಎಂದರೆ ಇಳಿಜಾರಿಗಾಗಿ. ಮರಳಿದ ಕಿರಣ ಹಳೆಯ ಗೆರೆಯಿಂದ ಐವತ್ತು ಮೀಟರ್ ಪಕ್ಕಕ್ಕೆ ಬಿದ್ದು, ಅಲ್ಲಿ ನೂರಕ್ಕೆ ಒಂದರ ಇಳಿಜಾರಿದ್ದರೆ ಅರ್ಧ ಮೀಟರ್ ಎತ್ತರ ಸುಮ್ಮನೆ ಬದಲಾದಂತೆ ಕಾಣುತ್ತದೆ. ಪಕ್ಕದ ಕಿರಣದಿಂದ ಇಳಿಜಾರು ಗೊತ್ತಾದರೆ ಇದನ್ನು ಕಳೆಯಬಹುದು.

ಮೂರು ಹಂತದ ಕಡತಗಳು ನಿಮಗೆ ಬೇಕಾದವು. ಎಟಿಎಲ್06ರಲ್ಲಿ 20 ಮೀಟರಿಗೊಂದರಂತೆ ಎತ್ತರ ಸಿಗುತ್ತದೆ. ಗುಣಮಟ್ಟದ ಗುರುತು ಸೊನ್ನೆ ಇರುವ ಬಿಂದುಗಳನ್ನು ಮಾತ್ರ ಉಳಿಸಿಕೊಳ್ಳಿ. ಎಟಿಎಲ್11ರಲ್ಲಿ ಇಳಿಜಾರು ತಿದ್ದಿದ ಕಾಲಸಾಲು ಇದೆ. ಎಟಿಎಲ್15ರಲ್ಲಿ ಮೂರು ತಿಂಗಳಿಗೊಮ್ಮೆ ಎತ್ತರದ ಬದಲಾವಣೆಯನ್ನು ಚೌಕಗಳಲ್ಲಿ ಹರಡಿರುತ್ತಾರೆ. 1 ಕಿಲೋಮೀಟರಿನಿಂದ 40 ಕಿಲೋಮೀಟರಿನವರೆಗೆ ನಾಲ್ಕು ಅಳತೆಯ ಚೌಕಗಳಿವೆ. ಮೊದಲ ಸಲ 10 ಕಿಲೋಮೀಟರಿನದನ್ನು ತೆರೆಯಿರಿ, ಲ್ಯಾಪ್‌ಟಾಪ್ ಉಸಿರಾಡುತ್ತದೆ. ಎಟಿಎಲ್06ರಿಂದಲೇ ಹೊರಡುವವರು ಮೊದಲ ಎರಡು ಸುತ್ತುಗಳನ್ನು ಬಿಟ್ಟುಬಿಡಿ. ಆಗ ಕಿರಣಗಳು ನಿಗದಿತ ಗೆರೆಯಿಂದ ಕಿಲೋಮೀಟರುಗಟ್ಟಲೆ ಪಕ್ಕದಲ್ಲಿದ್ದವು. ಸರಿಹೋದದ್ದು 2019ರ ಮಾರ್ಚ್ ಕೊನೆಯಿಂದ.

ಧ್ರುವ ನಕಾಶೆಯಲ್ಲಿ ವಿಸ್ತೀರ್ಣ ಮತ್ತೆ ಕಾಡುತ್ತದೆ. ದುಂಡು ಭೂಮಿಯನ್ನು ಚಪ್ಪಟೆ ನಕಾಶೆಗೆ ಇಳಿಸುವ ವಿಧಾನಗಳಿಗೆ ಇಪಿಎಸ್‌ಜಿ ಎಂಬ ಸಂಕೇತಸಂಖ್ಯೆಗಳಿವೆ; ಅಂಟಾರ್ಕ್ಟಿಕಕ್ಕೆ ಇಪಿಎಸ್‌ಜಿ 3031, ಗ್ರೀನ್‌ಲೆಂಡಿಗೆ 3413 ಬಳಸುವುದು ವಾಡಿಕೆ. ಮೊದಲನೆಯದರಲ್ಲಿ ಅಳತೆ ನಿಜವಿರುವುದು 71 ಡಿಗ್ರಿ ದಕ್ಷಿಣದಲ್ಲಿ ಮಾತ್ರ. ಧ್ರುವದ ಬಳಿ ನಕಾಶೆಯ ವಿಸ್ತೀರ್ಣ ನಿಜಕ್ಕಿಂತ ಶೇಕಡಾ 5ರಷ್ಟು ಕಡಿಮೆ. ಎಟಿಎಲ್15ರಲ್ಲಿ ಪ್ರತಿ ಚೌಕದ ನಿಜವಾದ ಮಂಜಿನ ವಿಸ್ತೀರ್ಣವನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ಗುಣಿಸಿ.

ಇಷ್ಟಾದರೆ ಸಿಕ್ಕಿದ್ದು ಗಾತ್ರ. ತೂಕಕ್ಕೆ ಹೋಗುವುದೇ ಈ ದಾರಿಯ ಕಷ್ಟದ ತಿರುವು. ರಾಯಚೂರಿನ ಮಾರುಕಟ್ಟೆಯಲ್ಲಿ ಸಡಿಲ ಹತ್ತಿಯ ರಾಶಿ ದಿನ ಕಳೆದಂತೆ ಕುಗ್ಗುತ್ತದೆ, ತಕ್ಕಡಿಗೆ ಹಾಕಿದರೆ ತೂಕ ಅಷ್ಟೇ. ಹಿಮಹಾಸಿನ ಮೇಲಿನ ಹತ್ತಾರು ಮೀಟರ್ ಪದರವೂ ಹಾಗೇ ಸಡಿಲ ಹಿಮ, ಅದಕ್ಕೆ ಫರ್ನ್ ಎನ್ನುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಅದುಮಿಕೊಂಡು ಇಳಿಯುತ್ತದೆ. ಬೆಚ್ಚಗಾದ ವರ್ಷ ಇನ್ನೂ ಬೇಗ ಇಳಿಯುತ್ತದೆ. ಲೇಸರಿಗೆ ಇಳಿದದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ.

10,000 ಚದರ ಕಿಲೋಮೀಟರ್ ಜಾಗ ಅರ್ಧ ಮೀಟರ್ ಇಳಿಯಿತು ಎನ್ನಿ. ಗಾತ್ರ 5 ಘನ ಕಿಲೋಮೀಟರ್. ಅದು ಗಟ್ಟಿ ಮಂಜಾಗಿದ್ದರೆ, ಘನಮೀಟರಿಗೆ 917 ಕಿಲೋ ಲೆಕ್ಕದಲ್ಲಿ, 4.6 ಗಿಗಾಟನ್. ಹೊಸ ಹಿಮವಾಗಿದ್ದರೆ, 350 ಕಿಲೋ ಲೆಕ್ಕದಲ್ಲಿ, 1.75 ಗಿಗಾಟನ್. ಬರೀ ಅದುಮಿಕೊಂಡಿದ್ದರೆ ಸೊನ್ನೆ. ಒಂದೇ ಅಳತೆಗೆ ಮೂರು ಉತ್ತರ. ಇದಕ್ಕೆ ಪರಿಹಾರ: ನಾಸಾ ಗಾಡರ್ಡ್ ಕೇಂದ್ರದ ಫರ್ನ್ ಮಾದರಿಯ ಕಡತದಿಂದ ಅದುಮಿಕೆ ಮತ್ತು ಹಿಮಪಾತದಿಂದಾದ ಎತ್ತರದ ಬದಲಾವಣೆಯನ್ನು ಮೊದಲು ಕಳೆದು, ಉಳಿದದ್ದನ್ನು ಹರಿವಿನಿಂದಾದ ಇಳಿತವೆಂದು 917ರಿಂದ ಗುಣಿಸಿ, ಕೊನೆಗೆ ಮಾದರಿಯ ಹಿಮಪಾತ-ಕರಗುವಿಕೆಯ ತೂಕವನ್ನು ಕೂಡಿಸುವುದು. ಸರಾಸರಿ ಸಾಂದ್ರತೆ ಎಂದು ಒಂದೇ ಸಂಖ್ಯೆ ಹಾಕಿ ಮುಗಿಸುವ ವರದಿಗಳನ್ನು ಅನುಮಾನದಿಂದಲೇ ಓದಿ.

ನೆಲದ ಏರಿಕೆಯ ತಿದ್ದುಪಡಿ ಇಲ್ಲಿಯೂ ಇದೆ, ಆದರೆ ಹಗುರ: ನೆಲ ಒಂದು ಮಿಲಿಮೀಟರ್ ಎದ್ದರೆ ಲೇಸರ್ ಅದನ್ನು ಒಂದು ಮಿಲಿಮೀಟರ್ ಮಂಜು ಎಂದು ತಪ್ಪು ತಿಳಿಯುತ್ತದೆ, ಗ್ರೇಸ್ ಅದನ್ನೇ ಮಂಜಿನ ಮೂರೂವರೆ ಪಟ್ಟು ಸಾಂದ್ರತೆಯ ಬಂಡೆಯಾಗಿ ತೂಗುತ್ತದೆ. ಪಶ್ಚಿಮ ಅಂಟಾರ್ಕ್ಟಿಕದ ಅಮುಂಡ್‌ಸೆನ್ ಕಡಲ ತೀರ ಮಾತ್ರ ಬೇರೆ. ಅಲ್ಲಿ ಜಿಪಿಎಸ್ ಕಂಬಗಳು ವರ್ಷಕ್ಕೆ 41 ಮಿಲಿಮೀಟರ್‌ವರೆಗೆ ಮೇಲೇಳುವುದು ದಾಖಲಾಗಿದೆ.

ಲೇಸರ್ ಮೋಡದಾಚೆ ನೋಡದು. ತೆಳುಮೋಡ ಮತ್ತು ಗಾಳಿಗೆ ಏಳುವ ಹಿಮಧೂಳು ಇನ್ನೂ ಕೆಟ್ಟದ್ದು, ಏಕೆಂದರೆ ಬೆಳಕು ಅಡ್ಡಾದಿಡ್ಡಿ ಚದರಿ ತಡವಾಗಿ ಮರಳುತ್ತದೆ, ಮೇಲ್ಮೈ ತಗ್ಗಾದಂತೆ ಕಾಣುತ್ತದೆ. ಮೋಡಕ್ಕೆ ಜಗ್ಗದ ರಾಡಾರ್ ಬೇಕಿದ್ದರೆ 2010ರ ಏಪ್ರಿಲ್‌ನಲ್ಲಿ ಹಾರಿದ ಕ್ರಯೋಸ್ಯಾಟ್-2 ಇದೆ. ಇಸ್ರೋ ಮತ್ತು ಫ್ರಾನ್ಸಿನ ಸರಳ್ ಉಪಗ್ರಹವೂ 2013ರಿಂದ ದತ್ತಾಂಶ ಕೊಟ್ಟಿದೆ, ಅದರ ಗೆರೆ 81.5 ಡಿಗ್ರಿಗೆ ನಿಲ್ಲುತ್ತದೆ. ರಾಡಾರಿನ ತೊಂದರೆ ಬೇರೆ ಬಗೆಯದು: ಕಿರಣ ಹಿಮದೊಳಗೆ ಇಳಿದು ಮರಳುತ್ತದೆ. 2012ರ ಜುಲೈನಲ್ಲಿ ಗ್ರೀನ್‌ಲೆಂಡಿನ ಮೇಲ್ಮೈ ಹೆಚ್ಚುಕಡಿಮೆ ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿತು. ಆ ಗಾಜಿನಂಥ ಪದರದಿಂದಲೇ ರಾಡಾರ್ ಪುಟಿಯತೊಡಗಿ, ಕ್ರಯೋಸ್ಯಾಟ್ ಲೆಕ್ಕದಲ್ಲಿ ಒಳನಾಡು ಸುಮಾರು ಅರ್ಧ ಮೀಟರ್ ಏರಿಬಿಟ್ಟಿತು. ನಿಜಕ್ಕೂ ಏರಿದ್ದೇನೂ ಇಲ್ಲ.

ಮೂರನೆಯ ದಾರಿ: ಆದಾಯ-ವೆಚ್ಚ

ಹಿಮಪಾತದಿಂದ ಬಂದದ್ದರಲ್ಲಿ ಕರಗಿ ಹರಿದದ್ದನ್ನೂ ಹಿಮನದಿ ಕಡಲಿಗೆ ಸಾಗಿಸಿದ್ದನ್ನೂ ಕಳೆಯಿರಿ. ಮೊದಲೆರಡು ಉಪಗ್ರಹದಿಂದ ನೇರ ಸಿಗುವುದಿಲ್ಲ. ರಾಕ್ಮೊ, ಮಾರ್ ಎಂಬ ಪ್ರಾದೇಶಿಕ ಹವಾಮಾನ ಮಾದರಿಗಳಿಂದ ತೆಗೆದುಕೊಳ್ಳಬೇಕು. ಮೂರನೆಯದು ನಿಮ್ಮ ಕೈಯ ಕೆಲಸ.

ಗ್ರೌಂಡಿಂಗ್ ಲೈನಿನಿಂದ ಕೆಲವು ಕಿಲೋಮೀಟರ್ ಒಳಗೆ, ಹರಿವಿಗೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಅದರ ಮೇಲೆ 200 ಮೀಟರಿಗೊಂದು ಬಿಂದು. ಮಂಜಿನ ಕೆಳಗಿನ ತಳದ ನಕಾಶೆಯಾದ ಬೆಡ್‌ಮಷೀನ್‌ನಿಂದ ಮಂಜಿನ ದಪ್ಪ, ಜೆಪಿಎಲ್‌ನ ಇಟ್ಸ್‌ಲೈವ್ ಸಂಗ್ರಹದಿಂದ ವೇಗ ತೆಗೆಯಿರಿ. ಗೆರೆಗೆ ಲಂಬವಾದ ವೇಗ, ದಪ್ಪ, ಬಿಂದುಗಳ ಅಂತರ, ಸಾಂದ್ರತೆ ನಾಲ್ಕನ್ನೂ ಗುಣಿಸಿ ಕೂಡಿಸಿ. 10 ಕಿಲೋಮೀಟರ್ ಅಗಲ, 1 ಕಿಲೋಮೀಟರ್ ದಪ್ಪದ ಹಿಮನದಿ ವರ್ಷಕ್ಕೆ 4 ಕಿಲೋಮೀಟರ್ ಹರಿದರೆ 40 ಘನ ಕಿಲೋಮೀಟರ್ ಮಂಜು, 36.7 ಗಿಗಾಟನ್. ಅಂದರೆ ಒಂದೇ ನದಿಯಿಂದ ಹನ್ನೆರಡು ಟಿಬಿ ಡ್ಯಾಮು.

ವೇಗವನ್ನು ನೀವೇ ತೆಗೆಯುವುದಾದರೆ ಸೆಂಟಿನೆಲ್-1 ರಾಡಾರ್ ಜೋಡಿಗಳನ್ನು ಹೈಪ್3ರಲ್ಲಿ, ಚಿತ್ರದ ತುಣುಕು ಹೊಂದಿಸುವ ಆಟೋರಿಫ್ಟ್ ಎಂಬ ಪ್ರೋಗ್ರಾಮಿನ ಮೂಲಕ ಓಡಿಸಿ. ಹುಡುಕುವ ಕಿಟಕಿಯ ಅಳತೆ ಸರಿಯಿರಲಿ. ಗ್ರೀನ್‌ಲೆಂಡಿನ ಯಾಕೊಬ್ಸ್‌ಹಾವ್ನ್ 2012ರ ಬೇಸಿಗೆಯಲ್ಲಿ ವರ್ಷಕ್ಕೆ 17 ಕಿಲೋಮೀಟರ್ ವೇಗ ಮುಟ್ಟಿತ್ತು. ಆ ವೇಗದಲ್ಲಿ 16 ದಿನಕ್ಕೆ ಸುಮಾರು 745 ಮೀಟರ್, 15 ಮೀಟರ್ ಚಿತ್ರದಲ್ಲಿ ಐವತ್ತು ಪಿಕ್ಸೆಲ್. ಕಿಟಕಿ ಇಪ್ಪತ್ತಕ್ಕೆ ಇಟ್ಟರೆ ಪ್ರೋಗ್ರಾಮು ತಪ್ಪು ಹೊಂದಿಕೆ ಹಿಡಿದು ನಿಧಾನದ ವೇಗ ಕೊಡುತ್ತದೆ, ದೋಷ ಎಂದು ಹೇಳುವುದೂ ಇಲ್ಲ. ಪ್ರತಿ ನಕಾಶೆಯಲ್ಲೂ ಹೊರಚಾಚಿದ ಬಂಡೆಯ ಮೇಲಿನ ವೇಗ ನೋಡಿ, ಆನೆಗುಂದಿಯಲ್ಲಿ ಮಾಡಿದಂತೆಯೇ. ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟನ್ನು ಇಡೀ ಚಿತ್ರದಿಂದ ಕಳೆಯಿರಿ.

ಎರಡು ರಾಡಾರ್ ಅಲೆಗಳ ಹಂತವ್ಯತ್ಯಾಸ ನೋಡುವ ಇಂಟರ್‌ಫೆರೊಮೆಟ್ರಿ ಇನ್ನೂ ಸೂಕ್ಷ್ಮ. ಆದರೆ ಸೆಂಟಿನೆಲ್-1ರ 5.5 ಸೆಂಟಿಮೀಟರ್ ಅಲೆಗೆ 12 ದಿನದಲ್ಲಿ ಹಿಮ ಬಿದ್ದು, ಮೇಲ್ಮೈ ಬದಲಾಗಿ ಹೊಂದಿಕೆ ಕಳೆದುಹೋಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೋ ರಾಡಾರ್ ಉಪಗ್ರಹ ನಿಸಾರ್ ಇಲ್ಲಿ ನೆರವಿಗೆ ಬರುತ್ತದೆ: ಅದರ ಎಲ್-ಬ್ಯಾಂಡ್ ಅಲೆ 24 ಸೆಂಟಿಮೀಟರ್, ಹೊಂದಿಕೆ ಹೆಚ್ಚು ದಿನ ಉಳಿಯುತ್ತದೆ. ಸೆಂಟಿನೆಲ್-1 ಬಲಕ್ಕೆ ನೋಡುವುದರಿಂದ ಅಂಟಾರ್ಕ್ಟಿಕದ ಒಳಭಾಗ ಅದಕ್ಕೆ ಸಿಗುವುದಿಲ್ಲ. ನಿಸಾರ್ ಎಡಕ್ಕೆ ನೋಡುತ್ತದೆ.

ಈ ದಾರಿಯ ದೌರ್ಬಲ್ಯ ಗಣಿತದಲ್ಲೇ ಇದೆ. ಅಂಟಾರ್ಕ್ಟಿಕಕ್ಕೆ ವರ್ಷಕ್ಕೆ ಬರುವುದು ಸುಮಾರು 2,000 ಗಿಗಾಟನ್, ಹೋಗುವುದೂ ಹತ್ತಿರ ಹತ್ತಿರ ಅಷ್ಟೇ. ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸ ನಮ್ಮ ಉತ್ತರ. ಹಿಮಪಾತದ ಮಾದರಿ ಶೇಕಡಾ 5 ತಪ್ಪಿದರೆ 100 ಗಿಗಾಟನ್ ಆಚೀಚೆ, ಉತ್ತರವೇ ಅಷ್ಟರದ್ದು. ತಳದ ನಕಾಶೆಯಲ್ಲಿ ಸಾವಿರ ಮೀಟರ್ ದಪ್ಪಕ್ಕೆ ನೂರು ಮೀಟರ್ ತಪ್ಪಿದರೆ ಆ ಗೆರೆಯ ಹರಿವು ಶೇಕಡಾ 10 ತಪ್ಪು. ಇಷ್ಟಿದ್ದರೂ ಇದನ್ನು ಬಿಡುವಂತಿಲ್ಲ, ನಷ್ಟ ಕರಗಿದ್ದರಿಂದಲೋ ಹರಿವು ಹೆಚ್ಚಾದ್ದರಿಂದಲೋ ಎಂದು ಬೇರ್ಪಡಿಸಿ ಹೇಳುವುದು ಇದೊಂದೇ.

ತಾಳೆ

ಮೂರು ಉತ್ತರಗಳನ್ನೂ ಒಂದೇ ಗಡಿ, ಒಂದೇ ಅವಧಿಗೆ ತನ್ನಿ. ತಾಳೆಯಾಗದಿದ್ದರೆ ಹುಡುಕುವ ಕ್ರಮವಿದೆ. ತೂಕದ ಉತ್ತರ ಮಾತ್ರ ಬೇರೆ ಇದ್ದರೆ ನೆಲದ ಏರಿಕೆ, ಇಲ್ಲವೇ ಸುತ್ತಲಿನ ಸಣ್ಣ ಹಿಮನದಿಗಳು ಸೇರಿಕೊಂಡಿವೆ. ಗ್ರೀನ್‌ಲೆಂಡಿನ ಅಂಚಿನ ಹಿಮನದಿಗಳನ್ನು ಗ್ರೇಸ್ ಬೇರ್ಪಡಿಸಲಾರದು. ಎತ್ತರದ ಉತ್ತರ ಬೇರೆ ಇದ್ದರೆ ಫರ್ನ್. ಆದಾಯ-ವೆಚ್ಚದ್ದು ಬೇರೆ ಇದ್ದರೆ ಮೊದಲು ತಳದ ನಕಾಶೆ, ಆಮೇಲೆ ಹಿಮಪಾತ. ಸರಾಸರಿ ತೆಗೆದು ಭಿನ್ನತೆಯನ್ನು ಮುಚ್ಚುವುದು ಕೊನೆಯ ಉಪಾಯ, ಮೊದಲನೆಯದಲ್ಲ.

ಹೋಲಿಸಿ ನೋಡಲು ಇಂಬೀ ಎಂಬ ಅಂತರರಾಷ್ಟ್ರೀಯ ತಾಳೆ ಯೋಜನೆಯ ಅಂಕಿಗಳಿವೆ. 1992ರಿಂದ 2020ರವರೆಗೆ ಗ್ರೀನ್‌ಲೆಂಡ್ 4,892 ಗಿಗಾಟನ್, ಅಂಟಾರ್ಕ್ಟಿಕ 2,671 ಗಿಗಾಟನ್ ಕಳೆದುಕೊಂಡಿವೆ, ಒಟ್ಟು 7,563; ದೋಷಮಿತಿ ಆಚೀಚೆ 699. ಕಡಲಮಟ್ಟ ಒಂದು ಮಿಲಿಮೀಟರ್ ಏರಲು ಸುಮಾರು 362 ಗಿಗಾಟನ್ ಬೇಕು, ಹಾಗಾಗಿ ಇದು 21 ಮಿಲಿಮೀಟರ್. ಮೂವತ್ತೂ ತುಂಬದ ವರ್ಷಗಳಲ್ಲಿ ಎರಡೂವರೆ ಸಾವಿರ ತುಂಗಭದ್ರೆ.

ಫಲಿತಾಂಶ ಬರೆಯುವಾಗ ಇಷ್ಟು ಇರಲಿ: ಗಡಿಕಡತದ ಹೆಸರು, ಅವಧಿಯ ಮೊದಲ ಮತ್ತು ಕೊನೆಯ ತಿಂಗಳು, ದತ್ತಾಂಶದ ಆವೃತ್ತಿ ಸಂಖ್ಯೆ, ನೆಲದ ಏರಿಕೆ ಹಾಗೂ ಫರ್ನ್ ಮಾದರಿಯ ಹೆಸರು, ದೋಷಮಿತಿ. ಬೇರೆ ಬೇರೆ ಮೂಲದ ದೋಷಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಿರಿ. ಆದರೆ ನೆಲದ ಏರಿಕೆಯ ದೋಷ ಪ್ರತಿ ತಿಂಗಳೂ ಒಂದೇ ದಿಕ್ಕಿಗೆ ಎಳೆಯುವುದರಿಂದ ತಿಂಗಳು ಹೆಚ್ಚಾದಂತೆ ಅದು ಕಿರಿದಾಗುವುದಿಲ್ಲ, ಅದನ್ನು ತಿಂಗಳ ಸಂಖ್ಯೆಯಿಂದ ಭಾಗಿಸಬೇಡಿ. ದತ್ತಾಂಶದ ಹೊಸ ಆವೃತ್ತಿ ಬಂದಾಗ ಹಳೆಯ ಸಾಲಿನ ಬಾಲಕ್ಕೆ ಹೊಸ ತಿಂಗಳುಗಳನ್ನು ಅಂಟಿಸದೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಇಳಿಸಿ ಓಡಿಸಿ. ಆವೃತ್ತಿ ಬದಲಾದರೆ 2002ರ ಅಂಕಿಯೂ ಬದಲಾಗಿರುತ್ತದೆ.